ಕಮಿಟ್ ಸಂದೇಶವನ್ನು ಸ್ಕ್ರಿಪ್ಟ್ ತಿದ್ದುವಾಗ

ಇವತ್ತಿನ ಮಾತು ಒಂದು ಚಿಕ್ಕ ಕೆಲಸದ ಸುತ್ತ. ಕೋಡ್‌ನ ಬದಲಾವಣೆಗಳ ಇತಿಹಾಸವನ್ನು ಇಡುವ ವ್ಯವಸ್ಥೆ ಗಿಟ್; ಅದರಲ್ಲಿ ದಾಖಲಾಗುವ ಒಂದೊಂದು ಬದಲಾವಣೆಯೂ ಒಂದು ಕಮಿಟ್. ನೀವು ಕಮಿಟ್ ಸಂದೇಶ ಬರೆಯುತ್ತೀರಿ, ಕಮಾಂಡ್ ಲೈನ್‌ನಲ್ಲಿ ಓಡುವ ಒಂದು ಸ್ಕ್ರಿಪ್ಟ್ ಅದನ್ನು ತಾನಾಗಿಯೇ ತಿದ್ದುತ್ತದೆ. ಇಶ್ಯೂ ಸಂಖ್ಯೆ (ತಂಡದ ದೋಷ-ಕೆಲಸಗಳ ಪಟ್ಟಿಯಲ್ಲಿನ ಸಂಖ್ಯೆ) ಸೇರಿಸುತ್ತದೆ, ಸಾಲುಗಳನ್ನು ಮಡಚುತ್ತದೆ, ಕೊನೆಯಲ್ಲಿ ಒಂದು ಗುರುತು ಹಾಕುತ್ತದೆ. ಇದಕ್ಕೆ ಹತ್ತು ಸಾಲಿನ ಕೋಡ್ ಸಾಕು. ಆದರೆ ಆ ಹತ್ತು ಸಾಲು ಯಾವ ಗಳಿಗೆಯಲ್ಲಿ ಓಡುತ್ತವೆ, ಸಂದೇಶದ ಯಾವ ಭಾಗಕ್ಕೆ ಕೈ ಹಾಕುತ್ತವೆ ಎಂಬ ಎರಡು ಸಂಗತಿಗಳನ್ನು ಮೊದಲೇ ಯೋಚಿಸದಿದ್ದರೆ, ಉಪಕಾರಕ್ಕೆಂದು ಬರೆದದ್ದು ಇಡೀ ತಂಡಕ್ಕೆ ಉಪದ್ರವವಾಗುತ್ತದೆ.

ಮೊದಲು ಕಮಿಟ್‌ನ ಒಳಗೆ ಏನಿದೆ ಎಂದು ನೋಡೋಣ. ಟರ್ಮಿನಲ್ ತೆರೆದಿರುವವರು ಗಿಟ್ ಕ್ಯಾಟ್-ಫೈಲ್ ಎಂಬ ಆದೇಶಕ್ಕೆ ಪಿ ಆಯ್ಕೆ ಕೊಟ್ಟು, ಮುಂದೆ ಹೆಡ್ (ನೀವು ಈಗ ನಿಂತಿರುವ ಕಮಿಟ್‌ನ ಹೆಸರು) ಎಂದು ಬರೆದು ಎಂಟರ್ ಒತ್ತಿ. ಕೆಲವೇ ಸಾಲುಗಳು ಬರುತ್ತವೆ. ಫೈಲುಗಳ ಸ್ಥಿತಿಯನ್ನು ಹೇಳುವ ಟ್ರೀ, ಹಿಂದಿನ ಕಮಿಟ್ ಯಾವುದೆಂದು ಹೇಳುವ ಪೇರೆಂಟ್, ಬರೆದವರ ಹೆಸರು ಮತ್ತು ಸಮಯ, ಕಮಿಟ್ ಮಾಡಿದವರ ಹೆಸರು ಮತ್ತು ಸಮಯ, ಒಂದು ಖಾಲಿ ಸಾಲು, ಅದರ ಕೆಳಗೆ ನಿಮ್ಮ ಸಂದೇಶ. ಇಷ್ಟೂ ಸೇರಿದ ಪಠ್ಯದಿಂದ ಗಿಟ್ ಒಂದು ಹ್ಯಾಶ್, ಅಂದರೆ ಆ ಪಠ್ಯದ ಬೆರಳಚ್ಚಿನಂತಹ ಗುರುತು, ಲೆಕ್ಕ ಹಾಕುತ್ತದೆ. ನಮಗೆಲ್ಲ ಪರಿಚಯವಿರುವ 40 ಅಕ್ಷರಗಳ ಆ ಹೆಕ್ಸಾಡೆಸಿಮಲ್ ಸಂಖ್ಯೆ ಅದೇ.

ಅಂದರೆ ಸಂದೇಶ ಕಮಿಟ್‌ನ ಮೇಲೆ ಅಂಟಿಸಿದ ಚೀಟಿಯಲ್ಲ, ಕಮಿಟ್‌ನ ಅಂಗ. ಅದರಲ್ಲಿ ಒಂದು ಅಲ್ಪವಿರಾಮ ಬದಲಾದರೂ ಹ್ಯಾಶ್ ಬದಲಾಗುತ್ತದೆ. ಮುಂದಿನ ಕಮಿಟ್‌ನಲ್ಲಿ ಈ ಹ್ಯಾಶ್ ಪೇರೆಂಟ್ ಆಗಿ ಬರೆದಿರುವುದರಿಂದ ಅದರ ಹ್ಯಾಶ್ ಕೂಡ ಬದಲಾಗಬೇಕು, ಅದರ ಮುಂದಿನದ್ದೂ ಬದಲಾಗಬೇಕು. ಐನೂರು ಕಮಿಟ್‌ಗಳ ಹಿಂದಿನ ಒಂದು ಕಾಗುಣಿತದ ತಪ್ಪನ್ನು ತಿದ್ದಿದರೆ, ಅಲ್ಲಿಂದೀಚೆಗೆ ಬಂದ ಐನೂರೂ ಹೊಸ ಕಮಿಟ್‌ಗಳೇ. ಹಳೆಯದರ ಮೇಲೆ ಕೆಲಸ ಕಟ್ಟಿಕೊಂಡವರೆಲ್ಲ ಬೇರೆ ಇತಿಹಾಸದಲ್ಲಿ ಉಳಿದುಬಿಡುತ್ತಾರೆ.

ಎಲ್ಲ ವ್ಯವಸ್ಥೆಗಳೂ ಹೀಗಿಲ್ಲ. ಇಂತಹದೇ ಇನ್ನೊಂದು ವ್ಯವಸ್ಥೆಯಾದ ಸಬ್‌ವರ್ಷನ್‌ನಲ್ಲಿ ಸಂದೇಶ ಎಂಬುದು ಆ ರಿವಿಷನ್‌ಗೆ (ಅಲ್ಲಿನ ಕಮಿಟ್‌ಗೆ) ಹೊಂದಿಕೊಂಡ ಒಂದು ಗುಣ ಮಾತ್ರ. ರಿವಿಷನ್ ಸಂಖ್ಯೆಯನ್ನು ಅಲುಗಾಡಿಸದೆ ಸಂದೇಶವನ್ನು ಬದಲಾಯಿಸಬಹುದು. ಕೇಳಲು ಹಿತವಾಗಿದೆ, ಆದರೆ ಆ ಗುಣಕ್ಕೆ ಇತಿಹಾಸವಿಲ್ಲ. ಬದಲಾಯಿಸಿದ ಮೇಲೆ ಹಳೆಯ ಮಾತು ಏನಿತ್ತೆಂದು ಇಡೀ ಇತಿಹಾಸವಿರುವ ರೆಪೊಸಿಟರಿಗೇ ಗೊತ್ತಿರುವುದಿಲ್ಲ. ಅದಕ್ಕಾಗಿಯೇ ಸಬ್‌ವರ್ಷನ್ ಈ ತಿದ್ದುಪಡಿಯನ್ನು ಮೊದಲಿನಿಂದಲೇ ಮುಚ್ಚಿಟ್ಟಿರುತ್ತದೆ. ಆಡಳಿತಗಾರರು ಅದಕ್ಕೆಂದೇ ಇರುವ ಹುಕ್ ಒಂದನ್ನು, ಅಂದರೆ ನಿಗದಿತ ಗಳಿಗೆಯಲ್ಲಿ ತಾನಾಗಿ ಓಡುವ ಸ್ಕ್ರಿಪ್ಟ್ ಒಂದನ್ನು, ಸರ್ವರ್‌ನಲ್ಲಿ ಬರೆದಿಟ್ಟರೆ ಮಾತ್ರ ಬಾಗಿಲು ತೆರೆಯುತ್ತದೆ. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಗಿಟ್ ಬರೆದಾಗ ಹಿಡಿದದ್ದು ಇನ್ನೊಂದು ದಾರಿ: ತಿದ್ದಬಹುದು, ಆದರೆ ತಿದ್ದಿದ್ದು ಬೇರೆಯದೇ ಕಮಿಟ್. ನನಗೆ ಈ ದಾರಿ ಹೆಚ್ಚು ಪ್ರಾಮಾಣಿಕ ಎನಿಸುತ್ತದೆ.

ಹಾಗಾದರೆ ಸ್ಕ್ರಿಪ್ಟ್‌ಗೆ ನಿಶ್ಚಿಂತೆಯಿಂದ ಕೆಲಸ ಮಾಡಲು ಸಿಗುವ ಸಮಯ ಒಂದೇ: ನೀವು ಸಂದೇಶ ಬರೆಯಲು ಹೊರಟ ಕ್ಷಣದಿಂದ ಹ್ಯಾಶ್ ಹುಟ್ಟುವ ಕ್ಷಣದವರೆಗೆ. ಅಷ್ಟರೊಳಗೆ ಎಷ್ಟು ತಿದ್ದಿದರೂ ಯಾರಿಗೂ ತೊಂದರೆಯಿಲ್ಲ. ಆ ಅವಧಿಗೆ ಗಿಟ್ ಎರಡು ಹುಕ್‌ಗಳನ್ನು ಕೊಟ್ಟಿದೆ. ಪ್ರಿಪೇರ್-ಕಮಿಟ್-ಮೆಸೇಜ್ ಎಂಬುದು ಎಡಿಟರ್ ತೆರೆಯುವ ಮೊದಲು ಓಡುತ್ತದೆ, ಕಮಿಟ್-ಮೆಸೇಜ್ ಎಂಬುದು ನೀವು ಎಡಿಟರ್ ಮುಚ್ಚಿದ ಮೇಲೆ ಓಡುತ್ತದೆ. ಫೈಲಿನ ಹೆಸರಿನಲ್ಲಿ ‘ಮೆಸೇಜ್’ ಎಂಬುದನ್ನು ಎಂ, ಎಸ್, ಜಿ ಎಂಬ ಮೂರೇ ಅಕ್ಷರಗಳಲ್ಲಿ ಬರೆಯಬೇಕು. ಪೂರ್ತಿ ಬರೆದರೆ ಗಿಟ್ ಅದನ್ನು ಗುರುತಿಸುವುದೂ ಇಲ್ಲ, ದೂರುವುದೂ ಇಲ್ಲ.

ಎರಡಕ್ಕೂ ಮೊದಲ ಆರ್ಗ್ಯುಮೆಂಟ್ ಆಗಿ ಸಂದೇಶ ಇರುವ ಫೈಲಿನ ಹೆಸರು ಬರುತ್ತದೆ. ಸ್ಕ್ರಿಪ್ಟ್ ಆ ಫೈಲನ್ನು ತಿದ್ದಿದರೆ ಸಂದೇಶ ತಿದ್ದಿದಂತೆ. ಸೊನ್ನೆಯಲ್ಲದ ಸಂಖ್ಯೆಯೊಂದಿಗೆ ಮುಗಿದರೆ ಕಮಿಟ್ ಅಲ್ಲಿಗೇ ನಿಲ್ಲುತ್ತದೆ. ಯಾವ ಭಾಷೆಯಲ್ಲಿ ಬೇಕಾದರೂ ಬರೆಯಿರಿ, ಫೈಲಿಗೆ ಓಡುವ ಅನುಮತಿ ಇದ್ದರೆ ಆಯಿತು.

‘ಇದನ್ನೆಲ್ಲ ಸರ್ವರ್‌ನಲ್ಲೇ ಮಾಡಿದರೆ ಆಗದೇ, ಎಲ್ಲರ ಯಂತ್ರದಲ್ಲೂ ಏಕೆ’ ಎಂದು ಕೇಳುವವರಿದ್ದಾರೆ. ಪುಶ್ ಆಗಿ ಸರ್ವರ್‌ಗೆ ಬರುವ ಹೊತ್ತಿಗೆ ಹ್ಯಾಶ್ ಹುಟ್ಟಿಯಾಗಿದೆ. ಸರ್ವರ್ ಸಂದೇಶ ತಿದ್ದಿದರೆ ಅದು ನೀವು ಕಳುಹಿಸಿದ ಕಮಿಟ್ ಆಗಿ ಉಳಿಯುವುದಿಲ್ಲ, ನಿಮ್ಮ ಯಂತ್ರದಲ್ಲಿ ಒಂದು, ಅಲ್ಲಿ ಒಂದು ಆಗುತ್ತದೆ. ಆದ್ದರಿಂದ ಸರ್ವರ್‌ನ ಹುಕ್‌ಗಳು ತಿರಸ್ಕರಿಸುವುದಕ್ಕೆ ಸರಿ, ತಿದ್ದುವುದಕ್ಕಲ್ಲ.

ಈಗ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಹೆಚ್ಚಿನ ತಂಡಗಳು ಮೊದಲು ಬರೆಯುವ ಹುಕ್ ಇದೇ: ಬ್ರಾಂಚ್‌ನ (ಒಂದು ಕೆಲಸಕ್ಕೆಂದು ಇತಿಹಾಸದಿಂದ ಒಡೆದ ಕವಲಿನ) ಹೆಸರಿನಲ್ಲಿರುವ ಇಶ್ಯೂ ಸಂಖ್ಯೆಯನ್ನು ಸಂದೇಶಕ್ಕೆ ಸೇರಿಸುವುದು. ಬ್ರಾಂಚ್‌ನ ಹೆಸರು ‘412-ಲಾಗಿನ್’ ಎಂದಿಟ್ಟುಕೊಳ್ಳಿ. ಬೇಕಾಗಿರುವ ಸಂದೇಶ ಹೀಗೆ:

ಲಾಗಿನ್ ಅವಧಿ ಮುಗಿದಾಗ ಖಾಲಿ ಪುಟ ಬರದಂತೆ ಮಾಡು

ಸರ್ವರ್ 401 ಎಂದು ಉತ್ತರಿಸಿದ ಮೇಲೂ ಹಳೆಯ ಟೋಕನ್
ಅನ್ನೇ ಮತ್ತೆ ಕಳುಹಿಸುತ್ತಿದ್ದೆವು. ಇನ್ನು ಮುಂದೆ ಟೋಕನ್
ಅಳಿಸಿ ಲಾಗಿನ್ ಪುಟಕ್ಕೆ ಹೋಗುತ್ತದೆ.

ಇಶ್ಯೂ: 412

ಕೊನೆಯ ಸಾಲು ಮಾತ್ರ ಸ್ಕ್ರಿಪ್ಟ್‌ನದು. ಬ್ರಾಂಚ್‌ನ ಹೆಸರು ಓದು, ಅದರಿಂದ ಅಂಕಿಗಳನ್ನು ಹೆಕ್ಕಿಕೊ, ಫೈಲಿನ ಕೊನೆಗೆ ಬರೆ. ಮೂರು ಹೆಜ್ಜೆಗಳ ಕೆಲಸ. ಮೊದಲ ದಿನ ಚೆನ್ನಾಗಿಯೇ ನಡೆಯುತ್ತದೆ.

ಎರಡನೆಯ ದಿನ ಯಾರೋ ಅಮೆಂಡ್ ಮಾಡುತ್ತಾರೆ, ಅಂದರೆ ಕೊನೆಯ ಕಮಿಟ್ ಅನ್ನು ತಿದ್ದಿ ಮತ್ತೆ ಬರೆಯುತ್ತಾರೆ. ಹುಕ್ ಮತ್ತೆ ಓಡಿ ಇಶ್ಯೂ ಸಾಲು ಎರಡಾಗುತ್ತದೆ. ಮೂರು ಸಲ ಅಮೆಂಡ್ ಮಾಡಿದವರ ಸಂದೇಶದಲ್ಲಿ ನಾಲ್ಕು ಸಾಲು. ಇಲ್ಲಿ ಕಲಿಯಬೇಕಾದ ಗುಣ ಒಂದಿದೆ: ಸಂದೇಶ ತಿದ್ದುವ ಸ್ಕ್ರಿಪ್ಟ್ ಒಂದು ಸಲ ಓಡಿದರೂ ಹತ್ತು ಸಲ ಓಡಿದರೂ ಫಲ ಒಂದೇ ಆಗಿರಬೇಕು. ಪ್ರಿಪೇರ್ ಹುಕ್‌ಗೆ ಗಿಟ್ ಕೊಡುವ ಎರಡನೆಯ ಆರ್ಗ್ಯುಮೆಂಟ್ ಸಂದೇಶ ಎಲ್ಲಿಂದ ಬಂತೆಂದು ಹೇಳುತ್ತದೆ. ಸಂದೇಶವನ್ನು ಆದೇಶದ ಜೊತೆಗೇ ಕೊಡುವ ಎಂ ಆಯ್ಕೆಯಿಂದ ಬಂದರೆ ‘ಮೆಸೇಜ್’, ಎರಡು ಬ್ರಾಂಚ್‌ಗಳನ್ನು ಕೂಡಿಸುವ ಮರ್ಜ್ ಆಗಿದ್ದರೆ ‘ಮರ್ಜ್’, ಅಮೆಂಡ್ ಆಗಿದ್ದರೆ ‘ಕಮಿಟ್’. ಇದನ್ನು ನೋಡಿ ಮರ್ಜ್ ಸಂದೇಶಗಳನ್ನು ಅವುಗಳ ಪಾಡಿಗೆ ಬಿಟ್ಟುಬಿಡಬಹುದು. ಆದರೂ ಸಾಲು ಈಗಾಗಲೇ ಇದೆಯೇ ಎಂದು ಫೈಲನ್ನೇ ಓದಿ ನೋಡುವುದನ್ನು ಬಿಡಬೇಡಿ.

ಆಮೇಲೆ ರಿಬೇಸ್, ಅಂದರೆ ಕಮಿಟ್‌ಗಳನ್ನು ಬೇರೊಂದು ಬುಡದ ಮೇಲೆ ಹೊಸದಾಗಿ ಕಟ್ಟುವ ಕೆಲಸ, ಬರುತ್ತದೆ. ರಿಬೇಸ್ ನಡೆಯುತ್ತಿರುವಾಗ ಹೆಡ್ ಯಾವ ಬ್ರಾಂಚ್‌ನ ಮೇಲೂ ಇರುವುದಿಲ್ಲ, ಬಿಡಿಯಾಗಿರುತ್ತದೆ. ರೀವರ್ಡ್ ಎಂದು ಗುರುತು ಹಾಕಿ ಹಳೆಯ ಸಂದೇಶ ತಿದ್ದಲು ಹೊರಟವರ ಹುಕ್ ಬ್ರಾಂಚ್‌ನ ಹೆಸರು ಕೇಳಿದರೆ ಹೆಸರು ಸಿಗುವುದಿಲ್ಲ, ಕೇಳಿದ ರೀತಿಯ ಮೇಲೆ ಉತ್ತರವಾಗಿ ದೋಷವೂ ಬರಬಹುದು. ಸ್ಕ್ರಿಪ್ಟ್ ಅಲ್ಲೇ ಬಿದ್ದರೆ ರಿಬೇಸ್ ಅರ್ಧಕ್ಕೆ ನಿಲ್ಲುತ್ತದೆ, ಪಾಪ ಆ ವ್ಯಕ್ತಿ ತಪ್ಪು ತನ್ನದೆಂದು ಗಂಟೆಗಟ್ಟಲೆ ಹುಡುಕುತ್ತಾನೆ. ಬ್ರಾಂಚ್‌ನ ಹೆಸರು ಸಿಗದಿದ್ದರೆ ಏನನ್ನೂ ಮುಟ್ಟದೆ ಸೊನ್ನೆಯೊಂದಿಗೆ ಹೊರಬರುವುದು ಸರಿಯಾದ ನಡತೆ. ಗೊತ್ತಿಲ್ಲದಾಗ ಸುಮ್ಮನಿರುವುದನ್ನು ಸ್ಕ್ರಿಪ್ಟ್‌ಗೆ ನಾವೇ ಕಲಿಸಬೇಕು.

ಮೂರನೆಯ ಬಲೆ ಇನ್ನೂ ಸೂಕ್ಷ್ಮ. ಕಮಿಟ್ ಆದೇಶಕ್ಕೆ ವಿ ಆಯ್ಕೆ ಕೊಟ್ಟರೆ ನೀವು ಮಾಡಿದ ಬದಲಾವಣೆಗಳೆಲ್ಲ ಎಡಿಟರ್‌ನ ಕೆಳಭಾಗದಲ್ಲಿ ಕಾಣಿಸುತ್ತವೆ. ಅವುಗಳ ಮೇಲೆ ಕತ್ತರಿಯ ಗುರುತಿರುವ ಒಂದು ಸಾಲು ಇರುತ್ತದೆ. ಆ ಸಾಲಿನ ಕೆಳಗಿರುವುದನ್ನೆಲ್ಲ ಗಿಟ್ ಕೊನೆಗೆ ಕತ್ತರಿಸಿ ಎಸೆಯುತ್ತದೆ. ನಮ್ಮ ಸ್ಕ್ರಿಪ್ಟ್ ಫೈಲಿನ ತುದಿಗೆ ಹೋಗಿ ‘ಇಶ್ಯೂ: 412’ ಎಂದು ಬರೆದರೆ ಅದೂ ಕತ್ತರಿಯ ಕೆಳಗೇ ಬಿದ್ದು ಹೋಗುತ್ತದೆ. ವಿ ಆಯ್ಕೆ ಬಳಸುವವರ ಕಮಿಟ್‌ಗಳಲ್ಲಿ ಮಾತ್ರ ಸಂಖ್ಯೆ ಇಲ್ಲ, ಉಳಿದವರಲ್ಲಿ ಇದೆ. ಕಾರಣ ಗೊತ್ತಿಲ್ಲದೆ ತಲೆ ಕೆಡಿಸಿಕೊಳ್ಳುವಂತಹ ದೋಷ ಇದು.

ಇದೇ ಜಾತಿಯ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಇಶ್ಯೂ ಸಂಖ್ಯೆಯನ್ನು ಶೀರ್ಷಿಕೆಯ ಆರಂಭದಲ್ಲೇ, #412 ಎಂದು ಬರೆಯುವ ಅಭ್ಯಾಸ ಹಲವರಿಗಿದೆ. ಎಡಿಟರ್ ಮೂಲಕ ಬರೆದ ಸಂದೇಶದಲ್ಲಿ # ಗುರುತಿನಿಂದ ಆರಂಭವಾಗುವ ಸಾಲನ್ನು ಗಿಟ್ ಕಮೆಂಟ್ ಎಂದು ಅಳಿಸುತ್ತದೆ. ಇಡೀ ಸಂದೇಶ ಒಂದೇ ಸಾಲಾಗಿದ್ದರೆ ಉಳಿಯುವುದು ಏನೂ ಇಲ್ಲ, ಸಂದೇಶ ಖಾಲಿ ಎಂದು ಕಮಿಟ್ ರದ್ದಾಗುತ್ತದೆ. ಎಂ ಆಯ್ಕೆಯಿಂದ ಕೊಟ್ಟರೆ ಇದೇ ಸಾಲು ಉಳಿಯುತ್ತದೆ. ಕಮೆಂಟ್‌ನ ಗುರುತನ್ನು ಬೇರೆಯದಕ್ಕೆ ಬದಲಾಯಿಸಲು ಸೆಟ್ಟಿಂಗ್ ಇದೆ ನಿಜ. ಆದರೆ ಸಂಖ್ಯೆಯನ್ನು ಶೀರ್ಷಿಕೆಯಲ್ಲಿ ತುರುಕುವುದಕ್ಕಿಂತ ಅದಕ್ಕೆಂದೇ ಇರುವ ಜಾಗದಲ್ಲಿ ಇಡುವುದು ಒಳ್ಳೆಯದು.

ಆ ಜಾಗದ ಹೆಸರು ಟ್ರೈಲರ್. ಸಂದೇಶದ ಕೊನೆಯ ಪ್ಯಾರಾದಲ್ಲಿ, ಸಾಲಿಗೊಂದರಂತೆ, ಒಂದು ಹೆಸರು, ವಿವರಣ ಚಿಹ್ನೆ (:), ಒಂದು ಮೌಲ್ಯ. ಇದನ್ನು ನಾನು ಇಷ್ಟಪಟ್ಟು ಹೇಳುತ್ತೇನೆ, ಏಕೆಂದರೆ ಯಂತ್ರದ ಮಾತು ಮತ್ತು ಮನುಷ್ಯರ ಮಾತು ಒಂದೇ ಸಂದೇಶದಲ್ಲಿ ಒಂದರ ಮೇಲೊಂದು ಬೀಳದೆ ಇರಲು ಇದೇ ದಾರಿ. 2014ರ ಕೊನೆಯಲ್ಲಿ ಬಂದ ಗಿಟ್ 2.2ರಿಂದ ಇಂಟರ್ಪ್ರೆಟ್-ಟ್ರೈಲರ್ಸ್ ಎಂಬ ಆದೇಶ ಗಿಟ್‌ನಲ್ಲೇ ಇದೆ. ಫೈಲನ್ನು ಕೊಟ್ಟು, ಇಂತಹ ಟ್ರೈಲರ್ ಸೇರಿಸು ಎಂದರೆ ಸರಿಯಾದ ಜಾಗ ಹುಡುಕಿ ಸೇರಿಸುತ್ತದೆ. ಕಮೆಂಟ್ ಸಾಲುಗಳು, ಕತ್ತರಿ ಸಾಲು ಇವೆಲ್ಲ ಅದಕ್ಕೆ ಗೊತ್ತು. ಅದೇ ಹೆಸರಿನ ಟ್ರೈಲರ್ ಮೊದಲೇ ಇದ್ದರೆ ಏನು ಮಾಡಬೇಕೆಂದು ನೀವು ಹೇಳಬಹುದು: ಬಿಟ್ಟುಬಿಡು, ಬದಲಾಯಿಸು, ಮೌಲ್ಯ ಬೇರೆಯಾಗಿದ್ದರೆ ಮಾತ್ರ ಸೇರಿಸು. ನಾನು ಇಷ್ಟು ಹೊತ್ತು ಹೇಳಿದ ಬಲೆಗಳಲ್ಲಿ ಮುಕ್ಕಾಲು ಪಾಲು ಈ ಒಂದು ಆದೇಶದಿಂದ ಕಳೆಯುತ್ತದೆ. ಗಿಟ್ 2.32ರಿಂದ, ಅಂದರೆ 2021ರಿಂದ, ಕಮಿಟ್ ಆದೇಶಕ್ಕೇ ಟ್ರೈಲರ್ ಎಂಬ ಆಯ್ಕೆ ಬಂದಿದೆ.

ಟ್ರೈಲರ್‌ಗೆ ಎರಡು ನಿಯಮಗಳಿವೆ, ಮರೆತರೆ ಕೈಕೊಡುತ್ತವೆ. ಅದರ ಮೇಲೆ ಖಾಲಿ ಸಾಲು ಇರಲೇಬೇಕು, ಇಲ್ಲದಿದ್ದರೆ ಗಿಟ್ ಅದನ್ನು ಮೇಲಿನ ಪ್ಯಾರಾದ ಭಾಗವೆಂದೇ ಓದುತ್ತದೆ. ಇನ್ನೊಂದು, ಟ್ರೈಲರ್‌ನ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್ ಮಾತ್ರ ನಡೆಯುತ್ತವೆ. ನನ್ನ ಉದಾಹರಣೆಯಲ್ಲಿ ‘ಇಶ್ಯೂ’ ಎಂದು ಬರೆದಿದ್ದನ್ನು ನೀವು ಇಂಗ್ಲಿಷ್ ಲಿಪಿಯಲ್ಲಿ ಬರೆಯಬೇಕು. ಮೌಲ್ಯದ ಜಾಗದಲ್ಲಿ ಕನ್ನಡಕ್ಕೆ ಅಡ್ಡಿಯಿಲ್ಲ.

ಟ್ರೈಲರ್ ಎಷ್ಟು ಕೆಲಸಕ್ಕೆ ಬರುತ್ತದೆ ಎಂದು ನೋಡಬೇಕಾದರೆ ಗೆರಿಟ್ ಎಂಬ ಕೋಡ್ ವಿಮರ್ಶೆಯ ವ್ಯವಸ್ಥೆಯನ್ನು ನೋಡಿ. ವಿಮರ್ಶೆಯಲ್ಲಿ ಬಂದ ಸಲಹೆಯಂತೆ ನೀವು ಕಮಿಟ್ ಅಮೆಂಡ್ ಮಾಡಿದರೆ ಹ್ಯಾಶ್ ಬದಲಾಗುತ್ತದೆ. ಹಾಗಾದರೆ ಹೊಸ ಕಮಿಟ್ ಹಳೆಯದರದೇ ಮುಂದುವರಿಕೆ ಎಂದು ಸರ್ವರ್‌ಗೆ ತಿಳಿಯುವುದು ಹೇಗೆ? ಗೆರಿಟ್ ತನ್ನ ಕಮಿಟ್-ಮೆಸೇಜ್ ಹುಕ್‌ನಿಂದ ಚೇಂಜ್-ಐಡಿ ಎಂಬ ಟ್ರೈಲರ್ ಹಾಕಿಸುತ್ತದೆ. ಐ ಎಂಬ ಇಂಗ್ಲಿಷ್ ಅಕ್ಷರ, ಅದರ ಮುಂದೆ ಹ್ಯಾಶ್‌ನಂತಹದೇ 40 ಅಕ್ಷರ. ಮೊದಲೇ ಇದ್ದರೆ ಹುಕ್ ಅದನ್ನು ಮುಟ್ಟುವುದಿಲ್ಲ. ಹ್ಯಾಶ್ ಎಷ್ಟು ಸಲ ಬದಲಾದರೂ ಸಂದೇಶದೊಳಗಿನ ಈ ಗುರುತು ಹಾಗೆಯೇ ಉಳಿಯುವುದರಿಂದ ಚರ್ಚೆಯ ಎಳೆ ತಪ್ಪುವುದಿಲ್ಲ. ಸಂದೇಶ ತಿದ್ದುವ ಸ್ಕ್ರಿಪ್ಟ್‌ಗಳಲ್ಲಿ ಇಷ್ಟು ಅಚ್ಚುಕಟ್ಟಾದದ್ದು ನನಗೆ ಇನ್ನೊಂದು ಗೊತ್ತಿಲ್ಲ. ಯಂತ್ರಕ್ಕೆ ಬೇಕಾದದ್ದನ್ನು ಯಂತ್ರವೇ ಬರೆದುಕೊಳ್ಳುತ್ತದೆ, ನಿಮ್ಮ ಒಂದು ಪದವನ್ನೂ ಅಲುಗಿಸುವುದಿಲ್ಲ.

ಎಲ್ಲ ಟ್ರೈಲರ್‌ಗಳನ್ನೂ ಯಂತ್ರದ ಕೈಗೆ ಕೊಡಬಹುದೇ? ಸೈನ್ಡ್-ಆಫ್-ಬೈ ಎಂಬುದನ್ನು ತೆಗೆದುಕೊಳ್ಳಿ. 2003ರಲ್ಲಿ ಎಸ್‌ಸಿಒ ಕಂಪನಿ ಲಿನಕ್ಸ್‌ನ ವಿಷಯವಾಗಿ ಐಬಿಎಂ ಮೇಲೆ ಮೊಕದ್ದಮೆ ಹೂಡಿತು. ಯಾವ ಕೋಡ್ ಯಾರಿಂದ ಬಂತು ಎಂಬ ಪ್ರಶ್ನೆಗೆ ದಾಖಲೆ ಬೇಕೆಂದು 2004ರಲ್ಲಿ ಲಿನಕ್ಸ್ ಕರ್ನಲ್ ಈ ಸಾಲನ್ನು ಜಾರಿಗೆ ತಂದಿತು. ಇದನ್ನು ಬರೆದವರು, ಈ ಕೋಡ್ ಕೊಡುವ ಹಕ್ಕು ತಮಗಿದೆ ಎಂದು ದೃಢೀಕರಿಸುತ್ತಾರೆ. ಕಮಿಟ್ ಆದೇಶಕ್ಕೆ ಎಸ್ ಆಯ್ಕೆ ಕೊಟ್ಟರೆ ಸಾಲು ಬರುತ್ತದೆ. ಹುಕ್‌ನಲ್ಲಿ ಹಾಕಿ ಪ್ರತಿ ಕಮಿಟ್‌ಗೂ ಬರುವಂತೆ ಮಾಡುವುದೂ ಸುಲಭ. ದಯವಿಟ್ಟು ಮಾಡಬೇಡಿ. ಅದು ತಿಳಿದು ಮಾಡುವ ಕೆಲಸವಾಗಿರಬೇಕು ಎಂದು ಗಿಟ್‌ನ ಕೈಪಿಡಿಯೇ ಹೇಳುತ್ತದೆ. ಇಶ್ಯೂ ಸಂಖ್ಯೆ ಬ್ರಾಂಚ್‌ನ ಹೆಸರಿನಲ್ಲಿದೆ, ಯಂತ್ರಕ್ಕೆ ಗೊತ್ತಿದೆ. ನಿಮಗೆ ಹಕ್ಕಿದೆಯೋ ಇಲ್ಲವೋ ಯಂತ್ರಕ್ಕೆ ಗೊತ್ತಿಲ್ಲ. ‘ಪರೀಕ್ಷಿಸಿದ್ದೇನೆ’, ‘ವಿಮರ್ಶಿಸಿದ್ದೇನೆ’ ಎಂಬ ಟ್ರೈಲರ್‌ಗಳಿಗೂ ಇದೇ ಮಾತು.

ಇನ್ನು ಸಾಲಿನ ಉದ್ದ. ಶೀರ್ಷಿಕೆ 50 ಅಕ್ಷರ, ವಿವರಣೆಯ ಸಾಲು 72 ಅಕ್ಷರ ಎಂಬ ರೂಢಿ ನಿಮಗೆ ಗೊತ್ತೇ ಇದೆ. ಇದಕ್ಕೆ ಮೀರಿದ್ದನ್ನು ಕತ್ತರಿಸುವ, ಮಡಚುವ ಸ್ಕ್ರಿಪ್ಟ್‌ಗಳು ಬೇಕಾದಷ್ಟಿವೆ. ನನ್ನ ಸಲಹೆ: ಎಚ್ಚರಿಸಲಿ, ತಿದ್ದದಿರಲಿ. ವಿವರಣೆಯ ಮಧ್ಯೆ ನೀವು ದೋಷದ ಲಾಗ್ ಒಂದನ್ನು ಅಂಟಿಸಿರುತ್ತೀರಿ. ಸಾಲು ಮಡಚುವ ಸ್ಕ್ರಿಪ್ಟ್‌ಗೆ ಅದು ಲಾಗ್ ಎಂದು ತಿಳಿಯದು. ಮಡಚಿದ ಲಾಗ್ ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ಕನ್ನಡದಲ್ಲಿ ಸಂದೇಶ ಬರೆಯುವವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಹಲವು ಸ್ಕ್ರಿಪ್ಟ್‌ಗಳು ಅಕ್ಷರ ಎಣಿಸುತ್ತೇವೆಂದು ಬೈಟ್ ಎಣಿಸುತ್ತವೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ‘ಕ್ಷ’ ಎಂಬ ಒಂದು ಅಕ್ಷರದಲ್ಲಿ ಕ, ಸ್ವರವನ್ನು ಕಳೆಯುವ ಚಿಹ್ನೆಯಾದ ಹಲಂತ, ಷ ಎಂಬ ಮೂರು ಸಂಕೇತಗಳು, ಒಟ್ಟು ಒಂಬತ್ತು ಬೈಟ್. ಹದಿನೈದು ಅಕ್ಷರಗಳ ಪುಟ್ಟ ಶೀರ್ಷಿಕೆಯೂ ‘ಮಿತಿ ಮೀರಿದೆ’ ಎಂದು ಬೈಸಿಕೊಳ್ಳುತ್ತದೆ. ಐವತ್ತನೆಯ ಬೈಟ್‌ಗೆ ಕತ್ತರಿಸುವ ಸ್ಕ್ರಿಪ್ಟ್ ಆಗಿದ್ದರೆ ಅಕ್ಷರದ ನಡುವೆಯೇ ಕತ್ತರಿ ಬಿದ್ದು ಸಂದೇಶ ಯುಟಿಎಫ್-8 ಆಗಿ ಉಳಿಯುವುದೇ ಇಲ್ಲ. ಶೆಲ್‌ನಲ್ಲಿ ಡಬ್ಲ್ಯೂಸಿ ಆದೇಶಕ್ಕೆ ಸಿ ಎಂದರೆ ಬೈಟ್, ಎಂ ಎಂದರೆ ಸಂಕೇತಗಳ ಎಣಿಕೆ. ಕನಿಷ್ಠ ಇಷ್ಟನ್ನಾದರೂ ಸರಿಪಡಿಸಿ.

ಈಗೀಗ ಬದಲಾವಣೆಗಳನ್ನು ಓದಿ ಇಡೀ ಸಂದೇಶವನ್ನೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಲಕರಣೆಗಳು ಬಂದಿವೆ. ಅವು ಕೂಡ ಇದೇ ಹುಕ್‌ನಲ್ಲಿ ಕೂರಬಲ್ಲವು. ಬದಲಾವಣೆಯಲ್ಲಿ ಇರುವುದನ್ನು ಅವು ಚೆನ್ನಾಗಿಯೇ ಹೇಳುತ್ತವೆ: ಇಂತಹ ಫಂಕ್ಷನ್‌ನಲ್ಲಿ ಸಮಯದ ಮಿತಿಯನ್ನು 30ರಿಂದ 90 ಸೆಕೆಂಡಿಗೆ ಏರಿಸಲಾಗಿದೆ. ಆದರೆ ಅದು ಕೋಡ್ ನೋಡಿದರೇ ಕಾಣುತ್ತದೆಯಲ್ಲ. ಮೂರು ವರ್ಷದ ನಂತರ ಬ್ಲೇಮ್ ಆದೇಶ ಕೊಟ್ಟು ಆ ಸಾಲಿನ ಮೂಲ ಹುಡುಕುತ್ತಾ ಬರುವವರು ಕೇಳುವುದು 90 ಏಕೆ ಎಂದು. ಯಾವ ಗ್ರಾಹಕರ ಯಾವ ವರದಿ ಅಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು, 60 ಏಕೆ ಸಾಲಲಿಲ್ಲ, ಇದು ತಾತ್ಕಾಲಿಕವೋ ಶಾಶ್ವತವೋ. ಅದು ಬದಲಾವಣೆಯಲ್ಲಿಲ್ಲ, ನಿಮ್ಮ ತಲೆಯಲ್ಲಿದೆ. ಕರಡು ಬೇಕಾದರೆ ಯಂತ್ರದಿಂದ ತೆಗೆದುಕೊಳ್ಳಿ, ಎಡಿಟರ್ ತೆರೆಯುವ ಮೊದಲಿನ ಹುಕ್‌ನಲ್ಲಿ. ಎಡಿಟರ್ ಮುಚ್ಚಿದ ಮೇಲಿನ ಹುಕ್‌ನಲ್ಲಿ ಮಾತ್ರ ಅದಕ್ಕೆ ಜಾಗ ಕೊಡಬೇಡಿ. ಅಲ್ಲಿ ಬರೆದದ್ದು ನಿಮ್ಮ ಕಣ್ಣಿಗೆ ಬೀಳದೆ ನಿಮ್ಮ ಹೆಸರಿನಲ್ಲಿ ಹೋಗುತ್ತದೆ.

ಹುಕ್‌ಗಳನ್ನು ಹಂಚುವ ವಿಷಯ ಬೇಗ ಮುಗಿಸುತ್ತೇನೆ. ರೆಪೊಸಿಟರಿಯನ್ನು (ಚಿಕ್ಕದಾಗಿ ರೆಪೊ) ಕ್ಲೋನ್ ಮಾಡಿದರೆ, ಅಂದರೆ ಅದರ ಪ್ರತಿ ಇಳಿಸಿಕೊಂಡರೆ, ಹುಕ್‌ಗಳು ಜೊತೆಗೆ ಬರುವುದಿಲ್ಲ. ಬಂದಿದ್ದರೆ, ಅಪರಿಚಿತರ ರೆಪೊ ಕ್ಲೋನ್ ಮಾಡಿದವರ ಯಂತ್ರದಲ್ಲಿ ಅಪರಿಚಿತರ ಕೋಡ್ ಓಡುತ್ತಿತ್ತು. 2016ರ ಗಿಟ್ 2.9ರಿಂದ ಹುಕ್‌ಗಳ ಫೋಲ್ಡರ್ ಯಾವುದೆಂದು ಹೇಳುವ ಹುಕ್ಸ್‌ಪಾತ್ ಎಂಬ ಸೆಟ್ಟಿಂಗ್ ಇದೆ. ರೆಪೊ ಒಳಗೇ ಒಂದು ಫೋಲ್ಡರ್ ಇಟ್ಟು, ಪ್ರತಿಯೊಬ್ಬರೂ ಒಂದು ಸಲ ಆ ಸೆಟ್ಟಿಂಗ್ ಮಾಡಿಕೊಂಡರೆ ಸಾಕು. ನೋ-ವೆರಿಫೈ ಎಂಬ ಆಯ್ಕೆ ಕಮಿಟ್-ಮೆಸೇಜ್ ಹುಕ್ಕನ್ನು ದಾಟಿಸಿಬಿಡುತ್ತದೆ ಎಂಬುದೂ ನೆನಪಿರಲಿ. ಪ್ರಿಪೇರ್ ಹುಕ್‌ಗೆ ಆ ವಿನಾಯಿತಿ ಇಲ್ಲ.

ಕೊನೆಯದಾಗಿ, ಹ್ಯಾಶ್ ಹುಟ್ಟಿ ಲೋಕಕ್ಕೆಲ್ಲ ಹಂಚಿಹೋದ ಸಂದೇಶಗಳು. ಇವನ್ನು ತಿದ್ದಲೇಬೇಕಾದ ಸಂದರ್ಭಗಳೂ ಇವೆ. ಸಬ್‌ವರ್ಷನ್‌ನಿಂದ ಗಿಟ್-ಎಸ್‌ವಿಎನ್ ಮೂಲಕ ಬಂದ ರೆಪೊದಲ್ಲಿ ಪ್ರತಿ ಸಂದೇಶದ ಕೊನೆಯಲ್ಲೂ ಹಳೆಯ ಸರ್ವರ್‌ನ ವಿಳಾಸವಿರುವ ಒಂದು ಸಾಲು ಕೂತಿರುತ್ತದೆ. ಹೊಸ ಮನೆಗೆ ಬಂದ ದಿನವೇ ಅದನ್ನು ತೆಗೆಯಬೇಕು, ಎಲ್ಲರೂ ಕ್ಲೋನ್ ಮಾಡಿಕೊಳ್ಳುವ ಮೊದಲು. ಹಿಂದೆ ಇದಕ್ಕೆ ಫಿಲ್ಟರ್-ಬ್ರಾಂಚ್ ಎಂಬ ಆದೇಶ ಇತ್ತು, ಈಗಲೂ ಇದೆ. ಪ್ರತಿ ಕಮಿಟ್‌ಗೂ ನಿಮ್ಮ ಆದೇಶವನ್ನು ಹೊಸದಾಗಿ ಓಡಿಸುವುದರಿಂದ ದೊಡ್ಡ ರೆಪೊಗಳಲ್ಲಿ ತೀರಾ ನಿಧಾನ. ಅದರ ಕೈಪಿಡಿಯೇ ‘ಇದನ್ನು ಬಿಟ್ಟು ಫಿಲ್ಟರ್-ರೆಪೊ ಬಳಸಿ’ ಎಂಬ ಅರ್ಥದ ಎಚ್ಚರಿಕೆ ಕೊಡುತ್ತದೆ.

ಫಿಲ್ಟರ್-ರೆಪೊ ಪೈಥಾನ್‌ನಲ್ಲಿ ಬರೆದದ್ದು. ಇಡೀ ಇತಿಹಾಸವನ್ನು ಒಂದೇ ಹರಿವಾಗಿ ಹೊರತೆಗೆದು, ನಡುವೆ ತಿದ್ದಿ, ಮತ್ತೆ ಒಳಗೆ ಹಾಕುತ್ತದೆ. ಹಳೆಯ ಪದ ಮತ್ತು ಹೊಸ ಪದಗಳ ಪಟ್ಟಿಯನ್ನು ಒಂದು ಫೈಲಿನಲ್ಲಿ ಕೊಡಬಹುದು, ಅಥವಾ ಸಂದೇಶ ತಿದ್ದುವ ಪೈಥಾನ್ ತುಣುಕನ್ನೇ ಕೊಡಬಹುದು. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಕಾಳಜಿ. ‘ಈ ಕಮಿಟ್ 4071938 ಅನ್ನು ಹಿಂತೆಗೆಯುತ್ತದೆ’ ಎಂಬಂತಹ ಸಂದೇಶಗಳು ಹಳೆಯ ರೆಪೊಗಳಲ್ಲಿ ಸಾಕಷ್ಟಿರುತ್ತವೆ. ಇತಿಹಾಸ ಬದಲಾದ ಮೇಲೆ ಆ ಹ್ಯಾಶ್ ಎಲ್ಲಿಯೂ ಇಲ್ಲ. ಫಿಲ್ಟರ್-ರೆಪೊ ಸಂದೇಶಗಳೊಳಗಿನ ಹ್ಯಾಶ್‌ಗಳನ್ನೂ ಗುರುತಿಸಿ ಹೊಸದಕ್ಕೆ ಬದಲಾಯಿಸುತ್ತದೆ. ಜೊತೆಗೆ ಯಾವ ಹಳೆಯ ಹ್ಯಾಶ್ ಯಾವ ಹೊಸದಾಯಿತು ಎಂಬ ನಕ್ಷೆಯನ್ನು ಗಿಟ್ ಫೋಲ್ಡರ್‌ನಲ್ಲಿ ಬರೆದಿಡುತ್ತದೆ. ಅದನ್ನು ಜೋಪಾನವಾಗಿ ಎತ್ತಿಡಿ. ಹೊಸದಾಗಿ ಕ್ಲೋನ್ ಮಾಡಿದ ರೆಪೊದ ಮೇಲಲ್ಲದೆ ಓಡುವುದಿಲ್ಲ ಎಂದು ಅದು ಹಟ ಹಿಡಿಯುತ್ತದೆ. ಒತ್ತಾಯಿಸುವ ಆಯ್ಕೆ ಇದ್ದರೂ ಅದರ ಮಾತು ಕೇಳುವುದೇ ಕ್ಷೇಮ. ಕಮಿಟ್‌ಗಳ ಮೇಲಿದ್ದ ಡಿಜಿಟಲ್ ಸಹಿಗಳು ಮಾತ್ರ ಉಳಿಯುವುದಿಲ್ಲ. ಹಳೆಯ ಪಠ್ಯಕ್ಕೆ ಹಾಕಿದ ಸಹಿ ಹೊಸ ಪಠ್ಯಕ್ಕೆ ಹೊಂದುವುದಿಲ್ಲ.

ಸಂದೇಶದಲ್ಲಿ ಪಾಸ್‌ವರ್ಡ್ ಸೋರಿಹೋಗಿದೆ ಎಂದು ಇದಕ್ಕೆ ಕೈ ಹಾಕುವವರು ಮೊದಲು ಪಾಸ್‌ವರ್ಡ್ ಬದಲಾಯಿಸಿ. ಹಳೆಯ ಕಮಿಟ್ ಎಲ್ಲರ ಕ್ಲೋನ್‌ಗಳಲ್ಲಿ ಇದ್ದೇ ಇರುತ್ತದೆ.

ಹಳೆಯ ಸಂದೇಶಕ್ಕೆ ಒಂದು ಮಾತು ಸೇರಿಸಿದರೆ ಸಾಕು ಎಂದಾದರೆ ಇತಿಹಾಸವನ್ನು ಮುಟ್ಟುವ ಅಗತ್ಯವೇ ಇಲ್ಲ. ಗಿಟ್ ನೋಟ್ಸ್ ಎಂಬುದು ಬಹಳ ಕಾಲದಿಂದ ಇದೆ, ಬಳಸುವವರು ಕಡಿಮೆ. ಯಾವುದೇ ಕಮಿಟ್‌ಗೆ ನೋಟ್ಸ್ ಆ್ಯಡ್ ಎಂದು ಟಿಪ್ಪಣಿ ಬರೆದರೆ ಅದು ಬೇರೊಂದು ಕಡೆ ಉಳಿಯುತ್ತದೆ, ಲಾಗ್ ಆದೇಶ ಕೊಟ್ಟಾಗ ಸಂದೇಶದ ಕೆಳಗೆ ಕಾಣಿಸುತ್ತದೆ, ಹ್ಯಾಶ್ ಬದಲಾಗುವುದಿಲ್ಲ. ‘ಇಲ್ಲಿ 412 ಎಂದಿರುವುದು 421 ಆಗಬೇಕಿತ್ತು’ ಎಂದು ಸ್ಕ್ರಿಪ್ಟ್ ಒಂದೇ ರಾತ್ರಿಯಲ್ಲಿ ಸಾವಿರ ಕಮಿಟ್‌ಗಳಿಗೆ ಬರೆದರೂ ಯಾರ ಕೆಲಸವೂ ನಿಲ್ಲುವುದಿಲ್ಲ. ಟಿಪ್ಪಣಿಗಳು ಸಾಮಾನ್ಯ ಪುಶ್ ಮತ್ತು ಫೆಚ್ ಜೊತೆಗೆ ಹೋಗುವುದಿಲ್ಲ, ಬರುವುದಿಲ್ಲ. ರೆಫ್ಸ್ ಒಳಗಿನ ನೋಟ್ಸ್ ಅನ್ನು ಹೆಸರಿಸಿಯೇ ಕಳುಹಿಸಬೇಕು, ಹೆಸರಿಸಿಯೇ ತರಿಸಿಕೊಳ್ಳಬೇಕು. ತಂಡದ ಎಲ್ಲರ ಸೆಟ್ಟಿಂಗ್‌ನಲ್ಲಿ ಆ ಒಂದು ಫೆಚ್ ಸಾಲನ್ನು ಸೇರಿಸಿದ ಮೇಲೆಯೇ ಟಿಪ್ಪಣಿ ಬರೆಯಲು ಆರಂಭಿಸಿ.